ಆಟ ಮುಗಿದ ಮೇಲಿನ ಸಂಜೆ: ಕಬಡ್ಡಿ ಅಂಕಣ ಕಲಿಸಿದ ಹತ್ತು ಪಾಠಗಳು

ಮಂಡ್ಯ ಜಿಲ್ಲೆಯಲ್ಲಿ ಕಬಡ್ಡಿ ಆಡದ ಊರು ಸಿಗುವುದು ಕಷ್ಟ. ಕಬ್ಬು ಕಡಿದು ಖಾಲಿಯಾದ ಗದ್ದೆ, ಶಾಲೆಯ ಹಿಂದಿನ ಬಯಲು, ಮಾರಿಗುಡಿಯ ಮುಂದಿನ ಜಾಗ, ಎಲ್ಲಿ ಬೇಕಾದರೂ ಸುಣ್ಣದ ಗೆರೆ ಎಳೆದರೆ ಸಾಕು, ಅಂಕಣ ಸಿದ್ಧ. ಕೊಪ್ಪ, ಆತಗೂರು, ಹಲಗೂರು, ಕಿರುಗಾವಲು, ಕೆರಗೋಡು, ಬಸರಾಳು ಹೋಬಳಿಗಳಿಂದ ಪ್ರತಿವರ್ಷ ಹೊಸ ಹುಡುಗರು ಬರುತ್ತಾರೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಹದಿನೈದಕ್ಕೆ ಜಿಲ್ಲೆಯೇ ತಿರುಗಿ ನೋಡುವಂತೆ ಆಡಿದ ಕೆಲವರು ಇಪ್ಪತ್ತು ತುಂಬುವಷ್ಟರಲ್ಲಿ ಅಂಕಣದ ಹೊರಗೆ ನಿಂತಿರುತ್ತಾರೆ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮೈದಾನಗಳಲ್ಲಿ ದೈಹಿಕ ಶಿಕ್ಷಕನಾಗಿ, ಕಬಡ್ಡಿ ತರಬೇತುದಾರನಾಗಿ ಬಹಳ ಕಾಲ ಕಳೆದವನು ನಾನು. ಕಾಲು ಮುರಿದು ಆಟ ಬಿಟ್ಟವರಿಗಿಂತ ಕುಡಿತ, ಗಾಂಜಾ, ಮಾತ್ರೆಗಳಿಂದ ಆಟ ಕಳೆದುಕೊಂಡವರನ್ನು ಹೆಚ್ಚು ನೋಡಿದ್ದೇನೆ. ಅವರ ಆಟ ಕೆಟ್ಟದ್ದು ಅಭ್ಯಾಸ ಮುಗಿದು ಮರುದಿನದ ಬೆಳಗಾಗುವ ನಡುವಿನ ಹೊತ್ತಿನಲ್ಲಿ. ಆ ಹೊತ್ತನ್ನು ಕಾಯುವವರು ಯಾರೂ ಇರಲಿಲ್ಲ. ತಂದೆ ತಾಯಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ದೈಹಿಕ ಶಿಕ್ಷಕರಿಗೆ, ಪಂದ್ಯಾವಳಿ ನಡೆಸುವ ಯುವಕರಿಗೆ ಉಪಯೋಗಕ್ಕೆ ಬರಲಿ ಎಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಕೊನೆಯ ಐದು ನಿಮಿಷವನ್ನು ನೋಡಿ

ಕುಡಿದು ಬಂದ ಹುಡುಗನನ್ನು ಬಾಯಿವಾಸನೆಯಿಂದ ಹಿಡಿಯಲು ಹೋಗಬೇಡಿ. ಅವನು ಏಲಕ್ಕಿ ಅಗಿದಿರುತ್ತಾನೆ, ಚೂಯಿಂಗ್ ಗಮ್ ಹಾಕಿಕೊಂಡಿರುತ್ತಾನೆ. ಮೊದಲರ್ಧವೂ ನಿಮಗೆ ಏನನ್ನೂ ಹೇಳುವುದಿಲ್ಲ. ಹದಿನೆಂಟರ ಮೈಗೆ ಎಷ್ಟೋ ತಪ್ಪುಗಳನ್ನು ಮುಚ್ಚಿಡುವ ಶಕ್ತಿ ಇರುತ್ತದೆ.

ದೊಡ್ಡವರ ಕಬಡ್ಡಿ ಪಂದ್ಯ ಇಪ್ಪತ್ತು ಇಪ್ಪತ್ತರಂತೆ 40 ನಿಮಿಷ. ಒಂದು ರೇಡ್‌ಗೆ 30 ಸೆಕೆಂಡ್. ಆ ಮೂವತ್ತು ಸೆಕೆಂಡ್ ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಏಳು ಜನರ ಕೈಕಾಲು ಗಮನಿಸಬೇಕು, ಬೋನಸ್ ಗೆರೆ ನೋಡಬೇಕು, ಹಿಂತಿರುಗುವ ದಾರಿ ಲೆಕ್ಕ ಹಾಕಬೇಕು. ದ್ವಿತೀಯಾರ್ಧದ ಕೊನೆಯ ಐದು ನಿಮಿಷದಲ್ಲಿ ಇದನ್ನೆಲ್ಲ ಒಟ್ಟಿಗೆ ಮಾಡಬೇಕಾದರೆ ದಮ್ಮು, ಕಣ್ಣು, ತಲೆ ಮೂರೂ ಸರಿಯಿರಬೇಕು. ವಾರಕ್ಕೆರಡು ರಾತ್ರಿ ಕುಡಿಯುವ ಹುಡುಗ ಅಲ್ಲಿ ಸಿಕ್ಕಿಬೀಳುತ್ತಾನೆ. ಬೋನಸ್‌ಗೆ ಕಾಲು ಚಾಚಿದವನು ಹಿಂದಕ್ಕೆ ಎಳೆದುಕೊಳ್ಳುವುದು ಒಂದು ಕ್ಷಣ ತಡವಾಗುತ್ತದೆ, ಕಾರ್ನರ್‌ನವನು ಆಂಕಲ್ ಹಿಡಿದುಬಿಡುತ್ತಾನೆ. ಕ್ಯಾಚರ್ ಆಗಿದ್ದರೆ ಚೈನ್‌ನಲ್ಲಿ ಜೊತೆಗಾರನ ಕೈ ಬಿಡುತ್ತಾನೆ.

ಪ್ರತಿ ಹುಡುಗನ ಕೊನೆಯ ಐದು ನಿಮಿಷದ ಆಟವನ್ನು ಪುಸ್ತಕದಲ್ಲಿ ಬರೆದಿಡಿ. ಮೂರು ನಾಲ್ಕು ವಾರ ಒಂದೇ ರೀತಿ ಇಳಿಯುತ್ತಾ ಬಂದರೆ ಅವನ ರಾತ್ರಿಗಳ ಬಗ್ಗೆ ವಿಚಾರಿಸುವ ಕಾಲ ಬಂದಿದೆ. ಇಳಿಕೆಗೆ ರಕ್ತಹೀನತೆ, ಜ್ವರ, ಪರೀಕ್ಷೆಯ ಚಿಂತೆ, ಮನೆಯ ಜಗಳವೂ ಕಾರಣವಿರಬಹುದು. ಅದಕ್ಕೇ ವಿಚಾರಿಸಿ ಎಂದೆ, ಆರೋಪಿಸಿ ಎನ್ನಲಿಲ್ಲ.

2. ಹುಡುಗರಿಗೆ ಲೆಕ್ಕ ಹೇಳಿಕೊಡಿ

ಕುಡಿದರೆ ಕೆಡುತ್ತೀಯ ಎಂಬ ಬುದ್ಧಿಮಾತನ್ನು ಹುಡುಗರು ಚಿಕ್ಕಂದಿನಿಂದ ಕೇಳಿದ್ದಾರೆ. ಲೆಕ್ಕವನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ನಾನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ.

ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್‌ನಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಇರುತ್ತದೆ. 90 ಎಂ.ಎಲ್.ನ ಒಂದು ಟೆಟ್ರಾ ಪ್ಯಾಕೆಟ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 30 ಗ್ರಾಂ. ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಅಂದರೆ ಒಂದು ನೈಂಟಿ ಇಳಿಯಲು ಮೂರರಿಂದ ನಾಲ್ಕು ಗಂಟೆ. "ನಾವು ಎಣ್ಣೆ ಮುಟ್ಟಲ್ಲ ಸಾ, ಬರೀ ಬಿಯರ್" ಎನ್ನುವ ಹುಡುಗರಿದ್ದಾರೆ. ಶೇ. 7ರಿಂದ 8ರ ಸ್ಟ್ರಾಂಗ್ ಬಿಯರ್‌ನ 650 ಎಂ.ಎಲ್. ಬಾಟಲಿಯಲ್ಲಿ 36ರಿಂದ 41 ಗ್ರಾಂ ಆಲ್ಕೋಹಾಲ್ ಇದೆ, ನೈಂಟಿಗಿಂತ ಹೆಚ್ಚೇ. ಈ ಲೆಕ್ಕ ನೋಡಿದಾಗ ಇಡೀ ತರಗತಿ ಸುಮ್ಮನಾಗುತ್ತದೆ.

ಫೈನಲ್ ಮುಗಿದು ರಾತ್ರಿ 11ಕ್ಕೆ ಒಂದು ಬಿಯರ್, ಮೇಲೊಂದು ನೈಂಟಿ ಹಾಕಿದವನ ಮೈಯಿಂದ ಅದು ಪೂರ್ತಿ ಇಳಿಯುವುದು ಬೆಳಿಗ್ಗೆ 6ರಿಂದ 9ರ ನಡುವೆ. ಐದೂವರೆಗೆ ಅಭ್ಯಾಸಕ್ಕೆ ಬಂದು ನಿಂತವನು ಇನ್ನೂ ಅಮಲಿನಲ್ಲೇ ಇದ್ದಾನೆ. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಲಿವರ್‌ನ ವೇಗವನ್ನು ಹೆಚ್ಚಿಸುವುದಿಲ್ಲ. ಅಂಥ ಬೆಳಿಗ್ಗೆಗಳಲ್ಲೇ ಮೊಣಕಾಲು ತಿರುಗುತ್ತದೆ, ಪಾದ ಉಳುಕುತ್ತದೆ. ಅವನ ಟ್ಯಾಕಲ್‌ಗೆ ಸಿಕ್ಕ, ಕುಡಿಯದ ಹುಡುಗನಿಗೂ ಪೆಟ್ಟಾಗುತ್ತದೆ.

3. ಮೈ ಕಟ್ಟುವುದು ರಾತ್ರಿ

ಅಭ್ಯಾಸದಲ್ಲಿ ಸ್ನಾಯುವಿನ ಎಳೆಗಳು ಸಣ್ಣಗೆ ಹರಿಯುತ್ತವೆ. ಅವು ಮೊದಲಿಗಿಂತ ಗಟ್ಟಿಯಾಗಿ ಕೂಡಿಕೊಳ್ಳುವುದು ತಿಂದು ಮಲಗಿದ ಮೇಲೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲ ಗಾಢನಿದ್ರೆಯಲ್ಲಿ. ಆಲ್ಕೋಹಾಲ್ ಈ ಸ್ರಾವವನ್ನು ತಗ್ಗಿಸುತ್ತದೆ. ಕುಡಿದವನು ಬೇಗ ಮಲಗುತ್ತಾನೆ ನಿಜ, ಆದರೆ ರಾತ್ರಿಯ ಎರಡನೇ ಭಾಗದಲ್ಲಿ ನಿದ್ದೆ ಒಡೆಯುತ್ತದೆ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕುಡಿದು ಎಂಟು ಗಂಟೆ ಮಲಗಿದರೂ ಅಷ್ಟು ನಿದ್ದೆಯ ಫಲ ಸಿಗುವುದಿಲ್ಲ.

ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಠಿಣ ವ್ಯಾಯಾಮ ಮಾಡಿದ ಗಂಡಸರಿಗೆ ಒಮ್ಮೆ ಬರೀ ಪ್ರೊಟೀನ್, ಇನ್ನೊಮ್ಮೆ ಪ್ರೊಟೀನ್ ಜೊತೆ ಸಾಕಷ್ಟು ಮದ್ಯ ಕೊಟ್ಟು ನೋಡಿದರು. ಮದ್ಯ ಸೇರಿದಾಗ ಸ್ನಾಯು ಕಟ್ಟುವ ಕೆಲಸ ಶೇ. 24ರಷ್ಟು ಕಡಿಮೆಯಾಯಿತು. ಪ್ರೊಟೀನ್ ಬದಲು ಬರೀ ಪಿಷ್ಟದ ಆಹಾರದ ಜೊತೆ ಮದ್ಯ ಹೋದಾಗ ಶೇ. 37ರಷ್ಟು. ಮೊಟ್ಟೆ ತಿನ್ನುತ್ತೇವಲ್ಲ ಸಾರ್, ಕುಡಿದರೇನಾಯಿತು ಎನ್ನುವ ಹುಡುಗರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಸಂಜೆಯೆಲ್ಲ ಬೆವರು ಸುರಿಸಿ ಮಾಡಿದ್ದರಲ್ಲಿ ಕಾಲು ಭಾಗ ಅದೇ ರಾತ್ರಿ ಹೋಯಿತು.

ನೀರಿನ ಮಾತೂ ಇದೆ. ನಮ್ಮ ಪಂದ್ಯಾವಳಿಗಳು ಹೆಚ್ಚಾಗಿ ಬೇಸಿಗೆಯಲ್ಲಿ ನಡೆಯುತ್ತವೆ. ಮೈಯಲ್ಲಿ ನೀರನ್ನು ಉಳಿಸಿಕೊಳ್ಳುವ ಹಾರ್ಮೋನನ್ನು ಆಲ್ಕೋಹಾಲ್ ತಡೆಯುತ್ತದೆ. ಕುಡಿದಷ್ಟೂ ಮೂತ್ರ ಹೋಗುತ್ತದೆ. ಬೆವರಿ ಒಣಗಿದ ಮೈ ಇನ್ನಷ್ಟು ಒಣಗಿ, ಮರುದಿನ ಬಿಸಿಲಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ. ಪಂದ್ಯದ ಮೊದಲು ಮತ್ತು ಆಮೇಲೆ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಒಂದರಿಂದ ಒಂದೂವರೆ ಲೀಟರ್ ನೀರು, ಮಜ್ಜಿಗೆ, ಎಳನೀರು ವಾಪಸ್ ಹೋಗಬೇಕು. ಎಳನೀರಿಗೆ ಮದ್ದೂರಿಗಿಂತ ಒಳ್ಳೆಯ ಊರು ಇನ್ನೊಂದಿಲ್ಲ.

4. ನೋವಿಗೆ ಮದ್ಯವೂ ಬೇಡ, ಕಂಡಕಂಡ ಮಾತ್ರೆಯೂ ಬೇಡ

ಪೆಟ್ಟಾದ ರಾತ್ರಿ "ಒಂದು ಪೆಗ್ ಹಾಕು, ನೋವು ಗೊತ್ತಾಗಲ್ಲ" ಎಂದು ಹೇಳುವ ಹಿರಿಯ ಆಟಗಾರ ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ನೋವು ಗೊತ್ತಾಗುವುದಿಲ್ಲ ಎಂಬುದೇ ಅಪಾಯ. ಗೊತ್ತಾಗದ್ದರಿಂದ ಹುಡುಗ ಆ ಕಾಲಿನ ಮೇಲೆ ಓಡಾಡುತ್ತಾನೆ. ಜೊತೆಗೆ ಆಲ್ಕೋಹಾಲ್ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಊತ ಹೆಚ್ಚುತ್ತದೆ. ಎರಡು ವಾರದಲ್ಲಿ ಮಾಯಬೇಕಾದ ಉಳುಕು ತಿಂಗಳುಗಟ್ಟಲೆ ಎಳೆಯುತ್ತದೆ. ಪೆಟ್ಟಾದ ಮೊದಲ ಎರಡು ದಿನ ಐಸ್, ಬಟ್ಟೆ ಪಟ್ಟಿ, ಕಾಲು ಎತ್ತಿ ಇಟ್ಟು ವಿಶ್ರಾಂತಿ. ಬಿಸಿ ಶಾಖ, ತಿಕ್ಕುವುದು, ಮದ್ಯ ಈ ಮೂರಕ್ಕೂ ಆಗ ಜಾಗವಿಲ್ಲ.

ಈಚೆಗೆ ಮಾತ್ರೆಗಳ ಕಾಟ ಬಂದಿದೆ. ಟ್ರಮಡಾಲ್ ಬಲವಾದ ನೋವಿನ ಔಷಧ, ಅಫೀಮಿನಂತೆ ಚಟ ಹತ್ತಿಸುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಅದನ್ನು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದಿತು. 2024ರ ಜನವರಿ 1ರಿಂದ ಸ್ಪರ್ಧೆಯ ವೇಳೆ ಅದು ಕ್ರೀಡಾಪಟುಗಳಿಗೆ ನಿಷಿದ್ಧ. ಟಪೆಂಟಡಾಲ್ ಅದೇ ಜಾತಿಯದು. ಅದನ್ನು ಪುಡಿ ಮಾಡಿ ನೀರಿನಲ್ಲಿ ಕರಗಿಸಿ ಸೂಜಿಯಲ್ಲಿ ಏರಿಸಿಕೊಳ್ಳುವ ದುಶ್ಚಟ ಕರ್ನಾಟಕದ ಹಲವು ಊರುಗಳಲ್ಲಿ ಹರಡಿದೆ. ವೈದ್ಯರ ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಡುವ ಅಂಗಡಿಗೆ ನಿಮ್ಮ ಹುಡುಗ ಹೋಗುತ್ತಿದ್ದರೆ ತಡೆಯಿರಿ. ಸಾಮಾನ್ಯ ಪ್ಯಾರಾಸಿಟಮಾಲ್ ಕೂಡ ಮದ್ಯದ ಜೊತೆ ಸೇರಿದರೆ ಲಿವರ್‌ಗೆ ಕೆಡುಕು. ಇದನ್ನು ಎಲ್ಲ ಹುಡುಗರಿಗೂ ಹೇಳಿಡಿ.

5. ದಮ್ಮನ್ನು ಕದಿಯುವುದು ಹೊಗೆ

ಬೀಡಿ, ಸಿಗರೇಟು, ಗಾಂಜಾ, ಯಾವುದನ್ನು ಸೇದಿದರೂ ಶ್ವಾಸಕೋಶಕ್ಕೆ ಇಂಗಾಲದ ಮಾನಾಕ್ಸೈಡ್ ಹೋಗುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನ ಮೇಲೆ ಬೇರೆಯವನು ಟವೆಲ್ ಹಾಕಿದ ಹಾಗೆ: ಆಮ್ಲಜನಕ ಹತ್ತಿದರೂ ಕೂರಲು ಜಾಗವಿಲ್ಲ. ಸೇನೆಯ ಭರ್ತಿಗೆ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಮುಂಜಾನೆ ಕಾಲುವೆ ಏರಿಯ ಮೇಲೆ ಅದಕ್ಕಾಗಿ ಓಡುವ ಹುಡುಗರಲ್ಲಿ ಕೊನೆಯ ಸುತ್ತಿನಲ್ಲಿ ಎದೆ ಹಿಡಿದುಕೊಂಡು ನಿಲ್ಲುವವರನ್ನು ಕೇಳಿ. ಹೆಚ್ಚಿನವರ ಉತ್ತರ ಅವರ ಜೇಬಿನಲ್ಲೇ ಇರುತ್ತದೆ.

ತುಟಿಯೊಳಗೆ ಇಟ್ಟುಕೊಳ್ಳುವ ತಂಬಾಕಿನ ಪೊಟ್ಟಣ ಶಾಲಾ ಹುಡುಗರಿಗೆ ಹೊಗೆಗಿಂತ ಸುಲಭ, ಯಾಕೆಂದರೆ ಕಾಣುವುದಿಲ್ಲ. ಅದರ ನಿಕೋಟಿನ್ ವಿಶ್ರಾಂತಿಯಲ್ಲಿರುವಾಗಲೂ ನಾಡಿಬಡಿತ ಏರಿಸುತ್ತದೆ, ರಕ್ತನಾಳ ಕಿರಿದು ಮಾಡುತ್ತದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾನೂನೇ ಇದೆ. ಶಾಲೆಯ ಗೇಟಿನಿಂದ ಒಮ್ಮೆ ಹೆಜ್ಜೆ ಹಾಕಿ ಎಣಿಸಿ ನೋಡಿ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವುದು. ಆ ಆವಿ ಹೃದಯವನ್ನು ಅಡ್ರಿನಲಿನ್‌ಗೆ ವಿಪರೀತ ಸೂಕ್ಷ್ಮವಾಗಿಸುತ್ತದೆ. ಮೂಸಿದ ಹುಡುಗ ತಕ್ಷಣ ಓಡಿದರೆ, ಬೆಚ್ಚಿದರೆ, ಹೃದಯದ ತಾಳ ತಪ್ಪಿ ಅಲ್ಲೇ ಕುಸಿದು ಸಾಯಬಹುದು, ಮೊದಲ ಸಲವೇ ಆದರೂ. ಆದ್ದರಿಂದ ಹುಡುಗರು ಮೂಸುತ್ತಿರುವುದು ಕಂಡರೆ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ. ಹತ್ತಿರ ಕೂರಿಸಿ, ಗಾಳಿಯಾಡಲಿ, ಸಮಾಧಾನದಿಂದ ಮಾತಾಡಿ.

6. ಹುಡುಗ ಮರೆತದ್ದನ್ನು ಮೂತ್ರದ ಪರೀಕ್ಷೆ ನೆನಪಿಡುತ್ತದೆ

ಗಾಂಜಾದ ಅಮಲು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅಮಲೇರಿಸುವ ಅದರ ಅಂಶ ಟಿ.ಎಚ್.ಸಿ. ಮೈಯ ಕೊಬ್ಬಿನಲ್ಲಿ ಉಳಿದು, ದಿನವೂ ಸೇದುವವನ ಮೂತ್ರದಲ್ಲಿ ವಾರಗಟ್ಟಲೆ ಕಾಣಿಸಿಕೊಳ್ಳುತ್ತದೆ. ಸ್ಪರ್ಧೆಯ ವೇಳೆ ಅದು ನಿಷಿದ್ಧ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾ ನಿಗದಿ ಮಾಡಿರುವ ಮಿತಿ ಒಂದು ಮಿಲಿಲೀಟರ್ ಮೂತ್ರದಲ್ಲಿ 150 ನ್ಯಾನೋಗ್ರಾಂ. ನಮ್ಮ ದೇಶದಲ್ಲಿ ಪರೀಕ್ಷೆ ಮಾಡುವುದು ರಾಷ್ಟ್ರೀಯ ಸಂಸ್ಥೆ ನಾಡಾ, ಅದಕ್ಕೆ 2022ರ ಕಾಯ್ದೆಯ ಬಲವಿದೆ. ಖೇಲೋ ಇಂಡಿಯಾ ಯೂತ್ ಗೇಮ್ಸ್‌ನಂಥ ಹದಿಹರೆಯದವರ ಕೂಟದಲ್ಲೂ ಮಾದರಿ ತೆಗೆಯುತ್ತಾರೆ. ರಾಜ್ಯ ತಂಡಕ್ಕೆ ಆಯ್ಕೆಯಾದ ಹುಡುಗ ಆಮೇಲೆ ಬಿಡುತ್ತೇನೆ ಎಂದರೆ ತಡವಾಗಿರುತ್ತದೆ.

ಅಮೆರಿಕದ ಓಟಗಾರ್ತಿ ಶಕ್ಯಾರಿ ರಿಚರ್ಡ್‌ಸನ್ ಕಥೆಯನ್ನು ನಾನು ಹುಡುಗರಿಗೆ ಹೇಳುತ್ತೇನೆ. 2021ರ ಒಲಿಂಪಿಕ್ಸ್ ಆಯ್ಕೆ ಕೂಟದಲ್ಲಿ 100 ಮೀಟರ್ ಗೆದ್ದವಳು ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. ಶಿಕ್ಷೆ ಒಂದೇ ತಿಂಗಳು. ಆ ಒಂದು ತಿಂಗಳು ಟೋಕಿಯೊ ಒಲಿಂಪಿಕ್ಸನ್ನೇ ಕಿತ್ತುಕೊಂಡಿತು. ಹೆತ್ತ ತಾಯಿ ಸತ್ತ ಸುದ್ದಿ ಕೇಳಿದ ಸಂಕಟದಲ್ಲಿ ಸೇದಿದೆ ಎಂದು ಅವಳು ಮುಚ್ಚಿಡದೆ ಹೇಳಿದಳು. 2023ರಲ್ಲಿ ಬುಡಾಪೆಸ್ಟ್‌ನಲ್ಲಿ 10.65 ಸೆಕೆಂಡ್‌ಗಳಲ್ಲಿ ಓಡಿ ವಿಶ್ವ ಚಾಂಪಿಯನ್ ಆದಳು. ಹುಡುಗರು ಈ ಕಥೆಯ ಎರಡು ಭಾಗಗಳನ್ನೂ ಕೇಳಬೇಕು. ಸಂಕಟದ ಒಂದು ಸಂಜೆ ಎಷ್ಟು ದುಬಾರಿಯಾಗಬಹುದು ಎಂಬುದೂ ತಿಳಿಯಲಿ, ಮರಳಿ ಬರುವ ದಾರಿ ಇದೆ ಎಂಬುದೂ ತಿಳಿಯಲಿ.

ಮದ್ಯವನ್ನು ವಾಡಾ 2018ರಿಂದ ನಿಷೇಧಿತ ಪಟ್ಟಿಯಲ್ಲಿ ಇಟ್ಟಿಲ್ಲ. ಇದನ್ನು ಕೆಲವರು ಅನುಮತಿ ಎಂದುಕೊಂಡಿದ್ದಾರೆ. ಪಟ್ಟಿಯಲ್ಲಿ ಇಲ್ಲದಿದ್ದರೂ ಲಿವರ್, ನಿದ್ದೆ, ಸ್ನಾಯುವಿನ ಲೆಕ್ಕ ಬದಲಾಗುವುದಿಲ್ಲ. ಇನ್ನು ಕಠಿಣ ಮಾದಕವಸ್ತು ಮುಂಬೈ, ಬೆಂಗಳೂರಿನ ಮಾತು ಎಂದು ಸುಮ್ಮನಿರುವ ಕಾಲವೂ ಹೋಯಿತು. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿಗೆ ಬಂದು ಮೆಫೆಡ್ರೋನ್ ತಯಾರಿಸುತ್ತಿದ್ದ ಶೆಡ್ಡಿನ ಮೇಲೆ ದಾಳಿ ಮಾಡಿದರು. ಮಂಡ್ಯದಿಂದ ಅದು ಒಂದು ಗಂಟೆಯ ದಾರಿ.

7. ಸೂಜಿ, ಡಬ್ಬಿ, ತೂಕದ ಮಾತ್ರೆ: ಮೂರನ್ನೂ ಪ್ರಶ್ನಿಸಿ

ಕುಡಿಯದ, ಸೇದದ ಶಿಸ್ತಿನ ಹುಡುಗನೂ ಇಲ್ಲಿ ಜಾರುತ್ತಾನೆ. ಬೇಗ ಬಲ ಬರಬೇಕೆಂಬ ಆಸೆಗೆ ಜಿಮ್‌ನಲ್ಲಿ ಯಾರೋ ಅಣ್ಣ ಸೂಜಿ ತೋರಿಸುತ್ತಾನೆ. ಮೆಫೆಂಟರ್ಮಿನ್ ಎಂಬ ಚುಚ್ಚುಮದ್ದು ಇರುವುದು ಶಸ್ತ್ರಚಿಕಿತ್ಸೆಯ ವೇಳೆ ಕುಸಿದ ರಕ್ತದೊತ್ತಡವನ್ನು ಏರಿಸಲು. ಅದನ್ನು ದಣಿವು ಗೊತ್ತಾಗದಿರಲೆಂದು ಚುಚ್ಚಿಕೊಳ್ಳುವವರಿದ್ದಾರೆ. ರಕ್ತದೊತ್ತಡ ಏರಿ ಹೃದಯಕ್ಕೇ ಆಪತ್ತು, ಮೇಲಾಗಿ ಅದು ನಿಷೇಧಿತ ಪಟ್ಟಿಯಲ್ಲಿದೆ. ಅನಬಾಲಿಕ್ ಸ್ಟಿರಾಯ್ಡ್ ಬೆಳೆಯುವ ವಯಸ್ಸಿನಲ್ಲಿ ಹೊಕ್ಕರೆ ಮೂಳೆ ಬೆಳೆಯುವ ತುದಿಗಳು ಅಕಾಲದಲ್ಲಿ ಮುಚ್ಚಿಕೊಂಡು ಎತ್ತರವೇ ನಿಲ್ಲಬಹುದು.

ಕಬಡ್ಡಿಯಲ್ಲಿ ಸಬ್ ಜೂನಿಯರ್, ಜೂನಿಯರ್, ಹಿರಿಯರು ಎಂದು ಪ್ರತಿ ವಿಭಾಗಕ್ಕೂ ತೂಕದ ಮಿತಿ ಇದೆ. ತೂಕ ನೋಡುವ ಹಿಂದಿನ ದಿನ ಎರಡು ಕೆ.ಜಿ. ಇಳಿಸಲು ಮೂತ್ರ ಹೋಗಿಸುವ ಮಾತ್ರೆ ನುಂಗುವ ಹುಡುಗರಿದ್ದಾರೆ. ಆ ಮಾತ್ರೆಗಳು ಸ್ಪರ್ಧೆ ಇರಲಿ ಇಲ್ಲದಿರಲಿ, ಎಲ್ಲ ಕಾಲದಲ್ಲೂ ನಿಷಿದ್ಧ. ದೇಹದ ಪೊಟ್ಯಾಸಿಯಂ ಸೋರಿ ಹೃದಯದ ಬಡಿತ ತಪ್ಪಬಹುದು.

ಡಬ್ಬಿಯ ಪುಡಿ, ಶಕ್ತಿವರ್ಧಕಗಳ ವಿಷಯದಲ್ಲಿ ಕನ್ನಡ ನಾಡಿನವರು ಅಶ್ವಿನಿ ಅಕ್ಕುಂಜಿ ಅವರನ್ನು ನೆನೆಯಬೇಕು. ಉಡುಪಿ ಜಿಲ್ಲೆಯ ಈ ಹುಡುಗಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಚಿನ್ನ ಗೆದ್ದರು. ಮರುವರ್ಷವೇ ಸ್ಟಿರಾಯ್ಡ್ ಪರೀಕ್ಷೆಯಲ್ಲಿ ಸಿಲುಕಿದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕದಿಂದ ಹೀಗಾಯಿತೆಂದು ಅವರು ವಾದಿಸಿದರು. ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ಕೊಟ್ಟವರು ಯಾರೇ ಇರಲಿ, ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಎಂಬುದು ನಿಯಮ. ಔಷಧದ ಬಗ್ಗೆ ಅನುಮಾನವಿದ್ದರೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ನೋಡಿ. ಬಲಕ್ಕೆ ರಾಗಿಮುದ್ದೆ, ಹುರುಳಿ, ಅವರೆಕಾಳು, ಮೊಟ್ಟೆ, ಕಡಲೆಕಾಯಿ, ಹಾಲು ನಮ್ಮಲ್ಲೇ ಇವೆ.

8. ಮೊದಲ ಲೋಟ ದೊಡ್ಡವರ ಕೈಯಿಂದ ಬರುತ್ತದೆ

ಹದಿನಾರರ ಹುಡುಗ ತಾನಾಗಿ ಬಾರ್‌ಗೆ ನಡೆದು ಹೋಗುವುದು ಅಪರೂಪ. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಟಗರು, ಟ್ರೋಫಿ ಮತ್ತು ನಗದು ಗೆದ್ದ ರಾತ್ರಿ ಬಾಡೂಟ ನಡೆಯುತ್ತದೆ. ಊರಿನ ಅಣ್ಣಂದಿರು ಬೆನ್ನು ತಟ್ಟಿ "ಇವತ್ತೊಂದಿನ ಕುಡಿಲಾ, ಏನಾಯ್ತದೆ" ಎಂದು ಲೋಟ ಚಾಚುತ್ತಾರೆ. ಅದು ಪ್ರೀತಿಯಿಂದ ಬಂದದ್ದು. ಅದಕ್ಕೇ ಹುಡುಗನಿಗೆ ಬೇಡವೆನ್ನಲು ಬಾಯಿ ಬರುವುದಿಲ್ಲ. ಮಾರಿಹಬ್ಬದಲ್ಲಿ, ಮದುವೆಯ ಹಿಂದಿನ ರಾತ್ರಿ, ಚುನಾವಣೆಯ ಸಮಯದಲ್ಲಿ ಇದೇ ನಡೆಯುತ್ತದೆ.

1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, 15 ವರ್ಷಕ್ಕೆ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ಶೇ. 40 ಮಂದಿ ಬದುಕಿನ ಯಾವುದಾದರೂ ಹಂತದಲ್ಲಿ ಮದ್ಯವ್ಯಸನಿಗಳಾದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಅದು ಸುಮಾರು ಶೇ. 10. ಮೊದಲ ಲೋಟವನ್ನು ಐದು ವರ್ಷ ಮುಂದಕ್ಕೆ ತಳ್ಳಿದರೂ ಒಂದು ಜೀವ ಉಳಿಸಿದಂತೆ.

ಕಾನೂನೂ ಗೊತ್ತಿರಲಿ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, 18 ತುಂಬದ ಮಗುವಿಗೆ ಮದ್ಯ, ಮಾದಕವಸ್ತು ಅಥವಾ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಪಂದ್ಯಾವಳಿಯ ಸಮಿತಿಗಳ ಸಭೆಯಲ್ಲಿ ಇದನ್ನು ಓದಿ ಹೇಳಿದಾಗ ಬಹಳ ಜನ ಮೊದಲ ಸಲ ಕೇಳುತ್ತಿರುತ್ತಾರೆ.

ಇನ್ನೊಂದು ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಂಕಣದ ಸುತ್ತ ಕುಡಿದವರು ನಿಂತು ಕೂಗಾಡುವ ಜಾಗಕ್ಕೆ ಯಾವ ತಾಯಿಯೂ ಮಗಳನ್ನು ಆಡಲು ಕಳಿಸುವುದಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಎಂಟನೇ ತರಗತಿಯವರೆಗೆ ಚೆನ್ನಾಗಿ ಆಡಿ ಆಮೇಲೆ ಕಾಣೆಯಾಗುವ ಹುಡುಗಿಯರ ಹಿಂದೆ ಈ ಕಾರಣವೂ ಇದೆ.

9. ಹೊರಗೆ ಹಾಕುವ ಮೊದಲು ಒಳಗೆ ಕರೆದು ಕೇಳಿ

ಶಿಸ್ತು ಬೇಕು. ಕುಡಿದು ಬಂದವನನ್ನು ಆ ದಿನ ಅಂಕಣಕ್ಕೆ ಇಳಿಸಬಾರದು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಎಲ್ಲರೆದುರು ಬೈದು, ಮನೆಗೆ ಅಟ್ಟಿದ ಹುಡುಗ ನೇರವಾಗಿ ಹೋಗಿ ಸೇರುವುದು ಕುಡಿಸುವವರ ಗುಂಪನ್ನೇ. ಅವನಿಗೆ ಉಳಿದಿದ್ದ ಒಂದೇ ಒಳ್ಳೆಯ ಸಹವಾಸ ತಂಡ. ಅದನ್ನು ಪೂರ್ತಿ ಕಿತ್ತುಕೊಳ್ಳಬೇಡಿ.

ಮರುದಿನ ಒಬ್ಬನನ್ನೇ ಕರೆಸಿ, ಮರದ ನೆರಳಿನಲ್ಲಿ ಕೂರಿಸಿ ಕೇಳಿ. ನನ್ನ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ರಾತ್ರಿ ನಿದ್ದೆ ಬತ್ತದೇನ್ಲಾ?" ಕುಡಿಯುತ್ತೀಯಾ ಎಂದರೆ "ಇಲ್ಲ ಸಾ" ಎನ್ನುತ್ತಾನೆ. ನಿದ್ದೆಯ ಬಗ್ಗೆ ಕೇಳಿದರೆ ಮಾತು ಬಿಚ್ಚುತ್ತಾನೆ. ಅಪ್ಪ ಕುಡಿದು ಬಂದು ಅವ್ವನಿಗೆ ಹೊಡೆಯುವುದು, ಗಾಯವಾಗಿ ತಂಡದಿಂದ ಬಿದ್ದದ್ದು, ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದದ್ದು, ಭರ್ತಿಯಲ್ಲಿ ಅರ್ಧ ಸೆಕೆಂಡಿಗೆ ಹೋದ ಕೆಲಸ, ಹೀಗೆ ಏನೋ ಒಂದು ಇರುತ್ತದೆ. ಅದನ್ನು ಮುಟ್ಟದೆ ಕುಡಿತವನ್ನು ಮಾತ್ರ ಬಿಡಿಸಲು ಆಗುವುದಿಲ್ಲ.

ಕೆಲವರಿಗೆ ಮೇಷ್ಟ್ರ ಮಾತು ಸಾಲದು, ವೈದ್ಯರು ಬೇಕು. ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ರಾಷ್ಟ್ರೀಯ ಸಹಾಯವಾಣಿ 14446 ಇದೆ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ತಂದೆಯೇ ಕುಡಿಯುವ ಮನೆಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಗೊತ್ತಿರಲಿ. ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರಬಹುದು. ಅಂಥವರು ವೈದ್ಯರ ಕಣ್ಣೆದುರೇ ಬಿಡಬೇಕು. ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ.

10. ಸಂಜೆಗೊಂದು ಕ್ರಮ ಕಟ್ಟಿ

ಬೇಡ ಎಂದು ಹೇಳಿ ಬಿಟ್ಟರೆ ಸಂಜೆ ಖಾಲಿಯಾಗಿ ಉಳಿಯುತ್ತದೆ. ಖಾಲಿ ಸಂಜೆಯನ್ನು ಬೇರೆಯವರು ತುಂಬುತ್ತಾರೆ. ಮೈದಾನದಲ್ಲಿ ಕೆಲಸ ಮಾಡಿದ ಕೆಲವು ಕ್ರಮಗಳನ್ನು ಹೇಳುತ್ತೇನೆ.

ಅಭ್ಯಾಸ ಅಥವಾ ಪಂದ್ಯ ಮುಗಿದ ಒಂದು ಗಂಟೆಯೊಳಗೆ ಎಲ್ಲರೂ ಒಟ್ಟಿಗೆ ತಿನ್ನಲಿ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಡಲೆಕಾಯಿ, ಬೆಲ್ಲ, ಮಜ್ಜಿಗೆ ಸಾಕು. ಆಲೆಮನೆಗಳ ಜಿಲ್ಲೆಯಲ್ಲಿ ಬೆಲ್ಲಕ್ಕೆ ಬರವಿಲ್ಲ. ಹೊಟ್ಟೆ ತುಂಬಿದ ಹುಡುಗನಿಗೆ ಡಾಬಾದ ಸೆಳೆತ ಅರ್ಧ ಕಡಿಮೆ.

ಹೊರ ಊರಿನ ಪಂದ್ಯವಾದರೆ ಹೋಗುವ ಗಾಡಿಯಷ್ಟೇ ಮುಖ್ಯ ಬರುವ ಗಾಡಿ. ಎಲ್ಲ ಹುಡುಗರೂ ಮನೆ ಬಾಗಿಲಿಗೆ ಇಳಿಯುವವರೆಗೆ ಒಬ್ಬ ಹಿರಿಯ ಜೊತೆಗಿರಲಿ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕುಡಿದ ಹುಡುಗರ ಕೈಗೆ ಬೈಕ್ ಸಿಕ್ಕರೆ ಕಳೆದುಹೋಗುವುದು ಆಟವೊಂದೇ ಅಲ್ಲ.

ಬಹುಮಾನದ ನಗದನ್ನು ಗೆದ್ದ ರಾತ್ರಿಯೇ ಹಂಚಬೇಡಿ. ತಂಡದ ಬ್ಯಾಂಕ್ ಖಾತೆಗೆ ಹಾಕಿ, ವಾರದ ನಂತರ ಪೋಷಕರ ಎದುರು ಲೆಕ್ಕ ಹೇಳಿ ಕೊಡಿ. ಬೂಟು, ಮೊಣಕಾಲು ಪಟ್ಟಿ, ಮ್ಯಾಟ್‌ಗೆ ಒಂದು ಭಾಗ ಇಡಿ.

ಪ್ರತಿ ಹುಡುಗನೂ ಎದ್ದ ತಕ್ಷಣ, ಹಾಸಿಗೆಯಲ್ಲೇ, ಒಂದು ನಿಮಿಷ ನಾಡಿ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಕುಡಿದ, ನಿದ್ದೆಗೆಟ್ಟ, ಜ್ವರ ಬರುವ ಮುನ್ನಿನ ಬೆಳಿಗ್ಗೆಗಳಲ್ಲಿ ಬಡಿತ ತನ್ನ ಎಂದಿನ ಸಂಖ್ಯೆಗಿಂತ ಮೇಲಿರುತ್ತದೆ. ಯಾರೂ ಹೇಳದಿದ್ದರೂ ತನ್ನ ಮೈಯೇ ತನಗೆ ಹೇಳುತ್ತಿರುವುದನ್ನು ಹುಡುಗ ಕಾಣುತ್ತಾನೆ. ನನ್ನ ಅನುಭವದಲ್ಲಿ ಹುಡುಗರನ್ನು ಹೆಚ್ಚು ಬದಲಾಯಿಸಿದ್ದು ಈ ಪುಸ್ತಕ.

ಕೊನೆಯದಾಗಿ, ತಂಡದ ನಾಯಕನನ್ನು ಆರಿಸುವಾಗ ಅವನ ಪಾಯಿಂಟುಗಳ ಜೊತೆಗೆ ಅವನ ಸಂಜೆಗಳನ್ನೂ ನೋಡಿ. ಹುಡುಗರು ಮೇಷ್ಟ್ರ ಮಾತನ್ನು ಕೇಳುತ್ತಾರೆ, ನಾಯಕನ ಹಾಗೆ ಬದುಕುತ್ತಾರೆ.

ಬೇಸಿಗೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಪಂದ್ಯಾವಳಿ ನಡೆಸುವ ಎಲ್ಲ ಯುವಕ ಸಂಘಗಳಿಗೆ ನನ್ನದೊಂದು ಬೇಡಿಕೆ. ನಿಮ್ಮ ಕರಪತ್ರದಲ್ಲಿ ಬಹುಮಾನದ ಮೊತ್ತದ ಕೆಳಗೆ ಒಂದು ಸಾಲು ಸೇರಿಸಿ: ಅಂಕಣದ ಸುತ್ತಲೂ, ಆಟಗಾರರ ಊಟದಲ್ಲೂ ಮದ್ಯವಿಲ್ಲ. ಅಚ್ಚು ಹಾಕಿಸಿದ ಮೇಲೆ ಅದರಂತೆ ನಡೆದುಕೊಳ್ಳಿ. ತಂದೆ ತಾಯಂದಿರೇ, ಮಗ ಗೆದ್ದ ರಾತ್ರಿ ನೀವೇ ಮೈದಾನಕ್ಕೆ ಬಂದು ಅವನನ್ನು ಮನೆಗೆ ಕರೆದುಕೊಂಡು ಹೋಗಿ. ಇಷ್ಟು ಮಾಡಿದರೆ ನಮ್ಮ ಮಕ್ಕಳ ಆಟ ಇಪ್ಪತ್ತಕ್ಕೆ ನಿಲ್ಲದೆ ಮುಂದಕ್ಕೆ ಸಾಗುತ್ತದೆ.